ಚಲೋ ಶಬ್ದ ಬಂದಾಗಲೇ ಬಂದ್ ಬೀಳುತ್ತಿದ್ದ ಲ್ಯಾಪ್‌ಟಾಪ್

ನಮ್ಮ ಕಡೆ ‘ಹೇಗೆ’ ಎನ್ನುವುದಕ್ಕೆ ‘ಹ್ಯಾಂಗ’ ಎನ್ನುತ್ತೇವೆ. ಕಂಪ್ಯೂಟರು ಕೆಲಸದ ನಡುವೆ ನಿಂತಲ್ಲೇ ನಿಂತುಬಿಟ್ಟರೆ ಅದಕ್ಕೂ ‘ಹ್ಯಾಂಗ್’ ಎನ್ನುತ್ತಾರೆ. ಇವೆರಡರ ನಡುವೆ ಸಿಕ್ಕು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಹುಮನಾಬಾದಿನ ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿಗೆ ಕೂತ ಮೊದಲ ವಾರವೇ ಒಂದು ಫೋನ್ ಬಂತು.

“ಬಾಯೀ, ನಮ್ಮ ಕಂಪ್ಯೂಟರ್ ಹ್ಯಾಂಗ್ ಆಗ್ಯಾದ್ರಿ.”

“ಹ್ಯಾಂಗ ಆಗ್ಯಾದ್ರಿ?”

“ಹೌದ್ರಿ, ಹ್ಯಾಂಗ್ ಆಗ್ಯಾದ.”

“ಅದೇ ಕೇಳಾಕತ್ತೇನ್ರಿ, ಹ್ಯಾಂಗ ಆಗ್ಯಾದ ಅಂತ.”

“ಏ, ನಾ ಹೇಳಿದ್ದೇ ತಿರುಗಿ ನನಗ ಹೇಳ್ತೀರಲ್ರಿ! ಅಂಗಡ್ಯಾಗ ಗಿಣಿ ಕೂಡ್ರಿಸ್ಯಾರೇನ್ರಿ?”

ಫೋನ್ ಇಟ್ಟೇಬಿಟ್ಟರು. ಪಕ್ಕದಲ್ಲಿ ಕೂತಿದ್ದ ನಮ್ಮ ಮಾಲೀಕರು ಖಾದರ್ ಸಾಹೇಬರು ನಕ್ಕು ನಕ್ಕು ಚಹಾದ ಕಪ್ಪು ಕೆಳಗಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು, “ಬೇಟಿ, ಅಂವ ಸಿಟ್ಟಾಗ್ಲಿ ಬಿಡು. ನೀ ಕೇಳೂದು ಮಾತ್ರ ಬಿಡಬ್ಯಾಡ. ಪೈಲೇ ಪೂಛೋ, ಬಾದ್ ಮೇ ಖೋಲೋ,” ಎಂದರು. ಮೊದಲು ಕೇಳು, ಆಮೇಲೆ ಬಿಚ್ಚು. ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳೇ, ನಿಮಗೆ ಹೇಳಬೇಕಾದದ್ದು ಇಷ್ಟೇ. ಇಷ್ಟು ಗೊತ್ತಿದ್ದೂ ನಾನು ಎಲ್ಲೆಲ್ಲಿ ಎಡವಿದೆ ಎನ್ನುವುದನ್ನು ಹೇಳಲಿಕ್ಕೇ ಉಳಿದ ಕಾಗದ ತುಂಬಿಸುತ್ತಿದ್ದೇನೆ.

ನಾನು ಶೋಭಾ. ಹುಟ್ಟಿದ್ದು ಘಾಟಬೋರಾಳದಲ್ಲಿ. ಅಪ್ಪ ಅವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ಕೂಲಿ ಮಾಡಿ ನನಗೆ ಐಟಿಐ ಓದಿಸಿದರು. ಖಾದರ್ ಸಾಹೇಬರ ಅಂಗಡಿಯಲ್ಲಿ ರೇಡಿಯೋ, ಟಿವಿ ಬಿಚ್ಚುತ್ತ ಕೆಲಸ ಕಲಿತೆ. ಕಂಪ್ಯೂಟರು ಬಂದ ಮೇಲೆ ಸಾಹೇಬರು ಬಸವಕಲ್ಯಾಣದಲ್ಲೂ ಒಂದು ಅಂಗಡಿ ತೆರೆದರು. ವಾರದಲ್ಲಿ ಮೂರು ದಿನ ಇಲ್ಲಿ, ಮೂರು ದಿನ ಅಲ್ಲಿ. ನಡುವಿನ ಬಸ್ಸಿನಲ್ಲಿ ನನ್ನ ಅರ್ಧ ಆಯುಷ್ಯ ಹೋಯಿತು, ಆ ಅರ್ಧದಲ್ಲಿ ಜನರ ಜೊತೆ ಮಾತಾಡಿ ಮಾತಾಡಿ ಖುಷಿಯೂ ಬಹಳ ಪಟ್ಟೆ. ಬಸ್ಸಿನಲ್ಲಿ ನನ್ನ ಚೀಲದಿಂದ ಇಣುಕುವ ಸ್ಕ್ರೂಡ್ರೈವರ್ ನೋಡಿ, “ಗಂಡಂದೇನ್ರಿ?” ಎಂದು ಕೇಳಿದವರೆಷ್ಟೋ. “ಗಂಡಗ ಬಲ್ಬ್ ಹಾಕಾಕೂ ಬರಂಗಿಲ್ರಿ,” ಎಂದರೆ ಇಡೀ ಬಸ್ಸು ನಗುತ್ತಿತ್ತು. ಪಾಪ, ನನ್ನ ಗಂಡ ಒಳ್ಳೆಯವನು, ಬಲ್ಬ್ ಹಾಕಲಿಕ್ಕೆ ಅವನಿಗೆ ಖರೇನೇ ಬರುವುದಿಲ್ಲ.

ಹುಮನಾಬಾದಿನ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಬಸಣ್ಣ ಸಾವ್ಕಾರ್ ಎಂಬ ಅಡತಿ ವ್ಯಾಪಾರಿ ಇದ್ದರು. ಅವರ ಲ್ಯಾಪ್‌ಟಾಪ್ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ತಾನಾಗಿ ಆರಿಹೋಗುತ್ತಿತ್ತು. ನನ್ನ ಮೇಜಿನ ಮೇಲೆ ಇಟ್ಟರೆ ಎರಡು ದಿನವಾದರೂ ಒಮ್ಮೆಯೂ ಆರಲಿಲ್ಲ. ನಾನು ಜಾಣತನ ತೋರಿಸಲು ಹೋಗಿ ಹಾರ್ಡ್‌ಡಿಸ್ಕ್ ಬದಲಿಸಿದೆ. ಮರುದಿನ ಹನ್ನೆರಡಕ್ಕೆ ಸರಿಯಾಗಿ ಸಾವ್ಕಾರರು ಬಾಗಿಲಲ್ಲಿ ನಿಂತಿದ್ದರು. “ನೋಡ್ರಿ ಬಾಯಿ, ಇದು ಊಟದ ಹೊತ್ತಿಗಿ ಸರಿಯಾಗಿ ಬಂದ್ ಆಗ್ತದ. ನಿಮ್ಮ ಅಂಗಡ್ಯಾಗ ಉಪಾಸ ಇರ್ತದೇನು?” ಎಂದರು. ಕಡೆಗೆ ನಾನೇ ಗಂಜಿಗೆ ಹೋಗಿ ನೋಡಿದೆ. ಸಾವ್ಕಾರರು ಗಾದಿಯ ಮೇಲೆ ಲೋಡಿಗೆ ಒರಗಿ ಕೂತಿದ್ದಾರೆ, ಲ್ಯಾಪ್‌ಟಾಪ್ ಕೂಡ ಗಾದಿಯ ಮೇಲೆ ಅರ್ಧ ಮುಳುಗಿ ಕೂತಿದೆ. ಕೆಳಗಿನ ಗಾಳಿಯ ತೂತುಗಳು ಹತ್ತಿಯಲ್ಲಿ ಹೂತಿವೆ. ಮೇಲೆ ತೊಗರಿಯ ಧೂಳು. ಬೆಳಿಗ್ಗೆ ಶುರುಮಾಡಿದ ಯಂತ್ರ ಕಾದು ಕಾದು ಹನ್ನೆರಡಕ್ಕೆ ಸಾಕಪ್ಪಾ ಸಾಕು ಎನ್ನುತ್ತಿತ್ತು.

“ಸಾವ್ಕಾರ್ರೆ, ಇದನ್ನ ಮಣಿ ಮ್ಯಾಲ ಕೂಡ್ರಿಸ್ರಿ, ಮದುಮಗನ ಹಂಗ,” ಎಂದೆ. ಅವರು ಮನೆಯಿಂದ ರೊಟ್ಟಿಯ ಮಣೆ ತರಿಸಿದರು. ಆಮೇಲೆ ಆ ಲ್ಯಾಪ್‌ಟಾಪ್ ಐದು ವರ್ಷ ಬಾಳಿತು. ಅವರ ಹೆಂಡತಿ ಮಾತ್ರ ಎಲ್ಲಿ ಸಿಕ್ಕರೂ, “ನನ್ನ ಮಣಿ ತಿರುಗಿ ಕೊಡಸ್ರಿ ಬಾಯಿ,” ಎನ್ನುತ್ತಿದ್ದರು.

ದಸರೆಯ ಮರುದಿನ ನಮಗೆ ಕೈಬಿಡುವಿರುತ್ತಿರಲಿಲ್ಲ. ಆಯುಧಪೂಜೆಯಲ್ಲಿ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, ಬೂದಿ ಬಳಿದು, ಕಾಯಿ ಒಡೆದು ನೀರು ಚಿಮುಕಿಸಿ ಭಕ್ತಿಯಿಂದ ಹೊತ್ತು ತರುತ್ತಿದ್ದರು. ಫ್ಯಾನಿನ ರೆಕ್ಕೆಗಳು ಹೋಳಿ ಆಡಿ ಬಂದಂತೆ ಕಾಣುತ್ತಿದ್ದವು. ಬಯ್ಯೋಣವೆಂದರೆ, ಪಾಪ, ಪ್ರೀತಿಯಿಂದ ಮಾಡಿದವರನ್ನು ಬಯ್ಯುವುದು ಹೇಗೆ? “ಹಣಿಗಿ ಹಚ್ರಿ, ಮೂಗಿನಾಗ ತುಂಬಬ್ಯಾಡ್ರಿ,” ಎಂದು ಹೇಳಿಕೊಟ್ಟೆ. ಮುಚ್ಚಳ ಹಣೆ, ಗಾಳಿಯ ತೂತು ಮೂಗು. ಇದು ಎಲ್ಲರಿಗೂ ಅರ್ಥವಾಯಿತು.

ಕೆಲಸದ ರೀತಿಯೂ ನನ್ನ ಕಣ್ಣೆದುರೇ ಬದಲಾಯಿತು. ಖಾದರ್ ಸಾಹೇಬರು ಯಂತ್ರವನ್ನು ಮೂಸಿ ನೋಡಿ ಸುಟ್ಟ ಭಾಗ ಯಾವುದೆಂದು ಹೇಳುತ್ತಿದ್ದರು. ಈಗ ಯಂತ್ರ ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದೆ. ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ಹೊತ್ತಿಗೆ ಮಲಗಿದೆ, ಯಾವಾಗ ಬಿದ್ದೆ ಎಲ್ಲ ಅದರಲ್ಲಿರುತ್ತದೆ. ಈಗಿನವರು ಅದನ್ನು ಓದಿ, ಫೋನಿನಲ್ಲಿ ಹುಡುಕಿ, ಗಂಟೆಯೊಳಗೆ ರೋಗ ಹಿಡಿಯುತ್ತಾರೆ. ಹಳೆಯದೇ ಚಂದ ಎಂದು ನಾನು ಹೇಳುವುದಿಲ್ಲ. ಮೂಸಿ ಮೂಸಿ ನನಗೆ ಬಂದದ್ದು ನೆಗಡಿ ಮಾತ್ರ. ಆದರೆ ದಿನಚರಿ ಓದುವುದರಲ್ಲೂ ಎಡವಬಹುದು. ನಾನು ಎಡವಿದ್ದು ಮಂಠಾಳದ ಸಿದ್ರಾಮಪ್ಪ ಮಾಸ್ತರರ ಲ್ಯಾಪ್‌ಟಾಪಿನಲ್ಲಿ, ಅದೂ ನನ್ನ ನಿವೃತ್ತಿಗೆ ಕೆಲವೇ ತಿಂಗಳು ಉಳಿದಿರುವಾಗ.

ಮಾಸ್ತರರು ಶಾಲೆಯಿಂದ ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಅವರ ಅಕ್ಷರ ಮುತ್ತಿನಂತಿತ್ತೆಂದು ಊರವರು ಈಗಲೂ ಹೇಳುತ್ತಾರೆ. ಈಗ ಕೈ ನಡುಗುತ್ತದೆ, ಪೆನ್ನು ಹಿಡಿದರೆ ಗೆರೆ ಎತ್ತೆತ್ತಲೋ ಹೋಗುತ್ತದೆ. ಕೀಲಿಮಣೆಯ ಮೇಲಾದರೆ ಒಂದೊಂದೇ ಬೆರಳಿನಿಂದ ಒತ್ತಬಹುದು. ಅವರ ಅಕ್ಕ ನೀಲಕ್ಕನಿಗೆ ಎಂಬತ್ತು ದಾಟಿದೆ. ಊರಲ್ಲಿ ಮರೆತುಹೋಗುತ್ತಿರುವ ಮಾತುಗಳೆಲ್ಲ ಆ ಅಕ್ಕನ ನಾಲಿಗೆಯ ಮೇಲಿವೆ. ದಿನಾ ಬೆಳಿಗ್ಗೆ ಅಕ್ಕ ಹೇಳುವುದು, ತಮ್ಮ ಲ್ಯಾಪ್‌ಟಾಪಿನಲ್ಲಿ ಬರೆಯುವುದು. ಮಂಠಾಳ ಸೀಮೆಯ ಮಾತಿನದೊಂದು ಪುಸ್ತಕ ಮಾಡಬೇಕೆಂದು ಅವರ ಆಸೆ.

ಯಂತ್ರ ಬರೆಯುವ ನಡುವೆ ಕಪ್ಪಾಗಿ ಆರಿಹೋಗುತ್ತಿತ್ತು. ಮೊದಲ ಸಲ ಬಸವಕಲ್ಯಾಣದ ಅಂಗಡಿಗೆ ತಂದಾಗ ನಾನು ಒಂದು ಉಪಾಯ ಹೇಳಿಕೊಟ್ಟೆ. “ಮಾಸ್ತರ, ಮತ್ತ ಕಪ್ಪಾದ್ರ ಅಂಜಬ್ಯಾಡ್ರಿ. ಈ ಗುಂಡಿ ಒತ್ತಿ ಹಿಡೀರಿ, ಹತ್ತು ಎಣಿಸ್ರಿ, ಬಿಡ್ರಿ. ಆಮ್ಯಾಲ ಚಾಲೂ ಮಾಡ್ರಿ.” ಎಲ್ಲರಿಗೂ ನಾನು ಹೇಳುತ್ತಿದ್ದದ್ದು ಇದೇ. ಮಾಸ್ತರರು ಅದನ್ನು ಚೀಟಿಯಲ್ಲಿ ಬರೆಸಿಕೊಂಡು ಹೋದರು.

ಎರಡನೆಯ ಸಲ ತಂದಾಗ ಯಂತ್ರದ ದಿನಚರಿ ತೆಗೆದು ಕೊನೆಯ ಸಾಲು ಓದಿದೆ. ವಿದ್ಯುತ್ತು ಒಮ್ಮೆಲೇ ಕಡಿಯಿತು ಎಂದಿತ್ತು. ಸಿಕ್ಕಿಬಿದ್ದೆಯಾ ಮಗನೇ ಎಂದು ಚಾರ್ಜರ್ ಬದಲಿಸಿದೆ. ಮೂರನೆಯ ಸಲ ಬಂದಾಗಲೂ ಅದೇ ಸಾಲು. ರ‍್ಯಾಮ್ ಬದಲಿಸಿ, ವಿಂಡೋಸ್ ಹೊಸದಾಗಿ ಹಾಕಿದೆ. ಅಂಗಡಿಯಲ್ಲಿ ಮೂರು ದಿನ ಉರಿಸಿದೆ, ಏನೂ ಆಗಲಿಲ್ಲ. ಯಂತ್ರ ಮಂಠಾಳಕ್ಕೆ ಹೋದ ಮರುದಿನವೇ ಫೋನು.

“ಶೋಭವ್ವ, ಸಾಕು ಬಿಡವ್ವ,” ಎಂದರು ಮಾಸ್ತರರು. “ಮುಂಜಾನಿಂದ ಬರದದ್ದೆಲ್ಲಾ ಹೋಯ್ತು. ಅಕ್ಕ ಒಮ್ಮೆ ಹೇಳಿದ್ದು ಮತ್ತೊಮ್ಮೆ ಹೇಳಂಗಿಲ್ಲ ಅಂತ ಕೂತಾಳ. ನನ್ನ ಕೈಯಂತೂ ಹೋಗ್ಯಾದ, ಇದೊಂದು ಕೈ ಸಿಕ್ಕಿತ್ತು, ಇದೂ ಹಿಂಗಾಯ್ತು. ಇನ್ ಬರೆಯೂದು ಬ್ಯಾಡ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಎರಡು ಮಾತಾಡಿ ಸುಮ್ಮನಾಗುತ್ತಿದ್ದೆ. ಬರೆಯುವ ಮನುಷ್ಯ ಬರೆಯುವುದು ಬಿಡುತ್ತೇನೆ ಎಂದ ಮೇಲೆ ನನಗೆ ಬೇರೆ ಕೆಲಸ ಕೈಗೆತ್ತಿಕೊಳ್ಳಲಾಗಲಿಲ್ಲ. ಆಗ ಖಾದರ್ ಸಾಹೇಬರು ವಯಸ್ಸಾಗಿ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬರೀ ಕೂತಿರುತ್ತಿದ್ದರು. ಅವರಿಗೆ ಎಲ್ಲ ಹೇಳಿದೆ.

“ಏನು ಮಾಡುವಾಗ ಬಂದ್ ಆಗ್ತದ ಅಂತ ಮಾಸ್ತರಗ ಕೇಳಿದ್ಯಾ?” ಎಂದರು.

ಮೂರು ಸಲ ಯಂತ್ರ ಮುಂದಿಟ್ಟುಕೊಂಡಿದ್ದೆ, ಒಂದು ಸಲವೂ ಕೇಳಿರಲಿಲ್ಲ.

“ಬುಡ್ಢಿ ಆದಿ, ಅಕ್ಕಲ್ ಬರ್ಲಿಲ್ಲ,” ಎಂದು ಸಾಹೇಬರು ಪ್ರೀತಿಯಿಂದ ಬಯ್ದರು. “ಮಷೀನ್ ತರಸಬ್ಯಾಡ. ಅವರ ಮನಿಗಿ ಹೋಗಿ ಕೂಡು.”

ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಮಂಠಾಳಕ್ಕೆ ಹೋದೆ. ಮಾಸ್ತರರು ಸ್ನಾನ, ಲಿಂಗಪೂಜೆ ಮುಗಿಸಿ ಧೋತರ, ಬನಿಯನ್ನಿನಲ್ಲಿ ಚಾಪೆಯ ಮೇಲೆ ಕೂತಿದ್ದರು. ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ಲ್ಯಾಪ್‌ಟಾಪ್ ಎದುರಿನ ಸಣ್ಣ ಡೆಸ್ಕಿನ ಮೇಲಿತ್ತು, ಗಾಳಿಗೇನೂ ತೊಂದರೆಯಿರಲಿಲ್ಲ. ನೀಲಕ್ಕ ಗೋಡೆಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದಳು.

“ಶರಣಾರ್ಥಿ, ಬಾರವ್ವ,” ಎಂದರು ಮಾಸ್ತರರು.

“ಶರಣ್ರಿ ಮಾಸ್ತರ. ಇವತ್ತ ನಾ ಏನೂ ಬಿಚ್ಚಂಗಿಲ್ಲ, ಬರೇ ಕೇಳ್ತೀನಿ. ಇದು ಬಂದ್ ಆಗೂದು ಹ್ಯಾಂಗ? ಏನು ಮಾಡುವಾಗ?”

ಮಾಸ್ತರರು ಸಂಕೋಚದಿಂದ ನಕ್ಕರು. “ಹೇಳಿದ್ರ ನಗ್ತಿ. ಚಲೋ ಶಬ್ದ ಬಂದಾಗೇ ಬಂದ್ ಬೀಳ್ತದ. ಸಾದಾ ಶಬ್ದ ಎಷ್ಟರೆ ಬರಿ, ಏನೂ ಆಗಂಗಿಲ್ಲ. ಅಪರೂಪದ್ದು ಬಂತೋ, ಗಪ್ಪನ್ನ ಆರತದ.”

“ಹೊಟ್ಟಿಕಿಚ್ಚು ಅದಕ್ಕ,” ಎಂದಳು ನೀಲಕ್ಕ. “ನನ್ನಂಗ ಮಾತು ಬರಂಗಿಲ್ಲ ನೋಡು.”

ನಾನು ನಗಲಿಲ್ಲ. ನಲವತ್ತು ವರ್ಷದಲ್ಲಿ ಗಿರಾಕಿ ಹೇಳಿದ್ದು ಹುಚ್ಚುಮಾತಿನಂತೆ ಕಂಡರೂ ಅದರೊಳಗೆ ನಿಜ ಇದ್ದೇ ಇರುತ್ತದೆ ಎಂದು ಕಲಿತಿದ್ದೆ. ಬರೆಯಿರಿ ಎಂದೆ. ಮಾಸ್ತರರು ಬರೆದರು. ಸಾದಾ ಮಾತುಗಳಿಗೆ ಬೆನ್ನು ನೆಟ್ಟಗೆ ಇಟ್ಟುಕೊಂಡು ಟಕ್ ಟಕ್ ಒತ್ತಿದರು. ಒಂದು ಮಾತಿನಲ್ಲಿ ಎರಡೆರಡು ಒತ್ತಕ್ಷರ ಬಂತು. ಅದರ ಕೀಲಿ ಹುಡುಕಲು ಮುಖ ಹತ್ತಿರ ತಂದು ಬಗ್ಗಿದರು. ಗಪ್ ಎಂದು ಪರದೆ ಕಪ್ಪಾಯಿತು. ಮಾಸ್ತರರು ನಿಟ್ಟುಸಿರು ಬಿಟ್ಟು ಗುಂಡಿ ಒತ್ತಿ ಹಿಡಿದು ಒಂದು, ಎರಡು, ಮೂರು ಎಂದು ಎಣಿಸತೊಡಗಿದರು.

ಬಗ್ಗಿದಾಗ ಮಣಿಕಟ್ಟಿನ ಭಾರ ಬಿದ್ದು ಒಳಗೆ ಯಾವುದೋ ತಂತಿ ಅಲುಗುತ್ತಿರಬೇಕು ಎಂದುಕೊಂಡೆ. ಬಿಚ್ಚುವುದಿಲ್ಲ ಎಂದವಳು ಬಿಚ್ಚಲು ಕೂತೆ. ಲ್ಯಾಪ್‌ಟಾಪ್ ಮಗುಚಿ, ಹಳೆಯ ಪೇಪರಿನ ಮೇಲೆ ಸ್ಕ್ರೂಗಳನ್ನು ಸಾಲಾಗಿ ಇಟ್ಟೆ. ಮಾಸ್ತರರು, “ಒಳಗ ಹ್ಯಾಂಗಿರ್ತದ, ನೋಡ್ತೀನಿ ತಾಳು,” ಎನ್ನುತ್ತ ಬಗ್ಗಿದರು. ಪೇಪರಿನ ಮೇಲಿದ್ದ ಒಂದು ಸ್ಕ್ರೂ ಟಣ್ಣನೆ ಹಾರಿ ಅವರ ಕರಡಿಗೆಗೆ ಅಂಟಿಕೊಂಡಿತು.

“ಅಯ್ಯ ಶಿವನ! ಲಿಂಗಯ್ಯಗ ಮೊಳಿ ಹತ್ತಿತಲ್ಲೋ ತಮ್ಮ!” ಎಂದು ನೀಲಕ್ಕ ಕೈಯಲ್ಲಿದ್ದ ಅಡಕತ್ತರಿ ಬಿಟ್ಟಳು.

ಬೆಳ್ಳಿಗೆ ಕಬ್ಬಿಣ ಅಂಟುತ್ತದೆಯೇ? “ಮಾಸ್ತರ, ಈ ಕರಡಿಗಿಯೊಳಗ ಏನದ?” ಎಂದು ಕೇಳಿದೆ. ಅವರು ಹೇಳಿದರು. ಹಳೆಯ ಕರಡಿಗೆಯ ಕೊಂಡಿ ಬಿಗಿ. ನಡುಗುವ ಬೆರಳಿನಿಂದ ದಿನಾ ಎರಡು ಹೊತ್ತು ಪೂಜೆಗೆ ತೆರೆಯಲು ಆಗುತ್ತಿರಲಿಲ್ಲ. ಬಸವಕಲ್ಯಾಣದ ಬೆಳ್ಳಿ ಕೆಲಸದ ಪತ್ತಾರ ಕೊಂಡಿ ತೆಗೆದು, ಮುಚ್ಚಳಕ್ಕೆ ಎರಡು ಸಣ್ಣ ಅಯಸ್ಕಾಂತ ಕೂಡಿಸಿಕೊಟ್ಟಿದ್ದ. ಮುಟ್ಟಿದರೆ ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ಅಕ್ಕಿ ಕಾಳಿನಷ್ಟು ಸಣ್ಣ, ಆದರೆ ಸ್ಕ್ರೂ ಸೆಳೆಯುವಷ್ಟು ಗಟ್ಟಿ.

ನಾನು ಹಣೆ ಹಣೆ ಬಡಿದುಕೊಂಡೆ. ಲ್ಯಾಪ್‌ಟಾಪಿನ ಮುಚ್ಚಳದಲ್ಲಿ ಒಂದು ಅಯಸ್ಕಾಂತವಿರುತ್ತದೆ. ಅದು ಕೆಳಗೆ ಕೈಯಿಡುವ ಜಾಗದ ಹತ್ತಿರ ಬಂದರೆ, ಮುಚ್ಚಳ ಮುಚ್ಚಿದರು ಎಂದು ಯಂತ್ರ ತಿಳಿದು ನಿದ್ದೆ ಹೋಗುತ್ತದೆ. ಮಾಸ್ತರರು ಒತ್ತಕ್ಷರ ಹುಡುಕಲು ಬಗ್ಗಿದಾಗಲೆಲ್ಲ ಕರಡಿಗೆ ಆ ಜಾಗದ ಮೇಲೆ ತೂಗುತ್ತಿತ್ತು. ಅಂಗಡಿಗೆ ಬರುವಾಗ ಅಂಗಿ, ಕೋಟು ತೊಟ್ಟು ದೂರದ ಕುರ್ಚಿಯಲ್ಲಿ ಕೂಡುತ್ತಿದ್ದರು. ಯಂತ್ರಕ್ಕೆ ಏನೂ ಆಗಿರಲಿಲ್ಲ. ಅದು ಪಾಪ ಮಲಗುತ್ತಿತ್ತು. ಮಲಗಿದ್ದನ್ನು ಗುಂಡಿ ಒಮ್ಮೆ ಮುಟ್ಟಿದ್ದರೆ ಎದ್ದು ಕೂಡುತ್ತಿತ್ತು, ಬರೆದದ್ದೆಲ್ಲ ಹಾಗೇ ಇರುತ್ತಿತ್ತು. ಹತ್ತು ಎಣಿಸಿ ಕುತ್ತಿಗೆ ಹಿಚುಕಲು ಹೇಳಿಕೊಟ್ಟವಳು ನಾನು! ದಿನಚರಿಯ ಕೊನೆಯ ಸಾಲು, ವಿದ್ಯುತ್ತು ಕಡಿಯಿತು ಎಂದದ್ದು, ನನ್ನದೇ ಪಾಠದ ಫಲ. ಅದರ ಹಿಂದಿನ ಸಾಲು ಓದಿದ್ದರೆ ‘ಮುಚ್ಚಳ ಮುಚ್ಚಿತು, ಮಲಗಿದೆ’ ಎಂದು ಕಾಣುತ್ತಿತ್ತು. ಆಮೇಲೆ ತೆಗೆದು ನೋಡಿದೆ, ಸಾಲು ಸಾಲಾಗಿ ಇತ್ತು. ಮಕ್ಕಳೇ, ದಯವಿಟ್ಟು ಹಿಂದಿನ ಸಾಲನ್ನೂ ಓದಿ.

ಸ್ಕ್ರೂ ಇನ್ನೂ ಕರಡಿಗೆಯ ಮೇಲೇ ಇತ್ತು. ಮಾಸ್ತರರ ಬೆರಳಿಗೆ ಅದು ಸಿಗಲೊಲ್ಲದು. “ನೀನೇ ತಗೀ ಅವ್ವ,” ಎಂದರು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನ್ನ ಕೈ ಹಿಂದೆ ಸರಿಯಿತು. ಅವ್ವನ ಕಾಲದಲ್ಲಿ ನಮ್ಮವರು ಇಂಥ ಮನೆಗಳ ಹೊಸ್ತಿಲ ಹೊರಗೆ ನಿಲ್ಲುತ್ತಿದ್ದರು. ಮಾಸ್ತರರಿಗೆ ತಿಳಿಯಿತು. “ತಗೀ ಅಂದೆ. ನಿನ್ನ ಸಾಮಾನ, ನಿನ್ನ ಕೈಲೇ ತಗೀ,” ಎಂದು ಎದೆ ಮುಂದೆ ಮಾಡಿ ಕೂತರು. ತೆಗೆದೆ.

ಕರಡಿಗೆ ಬಿಚ್ಚಿಡಿ ಎಂದು ಅವರಿಗೆ ಹೇಳುವಂತಿಲ್ಲ. ಲಿಂಗ ಮೈಮೇಲಿಂದ ಇಳಿಯುವುದಿಲ್ಲ. ಹಾಗಾಗಿ ಸ್ಕ್ರೂಗಳನ್ನೆಲ್ಲ ತಿರುಗಿ ಹಾಕಿ, ಯಂತ್ರಕ್ಕೇ ಬುದ್ಧಿ ಹೇಳಿದೆ. ಸೆಟ್ಟಿಂಗಿನಲ್ಲಿ ‘ಮುಚ್ಚಳ ಮುಚ್ಚಿದರೆ ಏನೂ ಮಾಡಬೇಡ’ ಎಂದು ಬದಲಿಸಿದೆ. ಎರಡು ನಿಮಿಷದ ಕೆಲಸ. ಆಮೇಲೆ ತಪ್ಪೊಪ್ಪಿಕೊಂಡೆ.

“ಮಾಸ್ತರ, ನಿಮ್ಮ ಶಬ್ದ ತಿಂದದ್ದು ಯಂತ್ರ ಅಲ್ರಿ, ನಾನು. ಹತ್ತು ಎಣಿಸ್ರಿ ಅಂತ ಹೇಳಿದ್ದೇ ತಪ್ಪಾಯ್ತು.”

ಮಾಸ್ತರರು ನನ್ನನ್ನೇ ನೋಡಿ ಹೋ ಎಂದು ನಕ್ಕರು. “ಊರ ಹುಡುಗರಿಗೆಲ್ಲಾ ಪಾಠ ಹೇಳೀನಿ, ಒಬ್ಬನೂ ಹೇಳಿದಂಗ ಕೇಳಲಿಲ್ಲ. ನಿನಗ ಮಾತ್ರ ಚಲೋ ವಿದ್ಯಾರ್ಥಿ ಸಿಕ್ಕಾನ ನೋಡು!”

“ಹೋದದ್ದು ಹೋಯ್ತಲ್ರಿ,” ಎಂದೆ.

“ಎಲ್ಲಿ ಹೋಗ್ತಾವ?” ಎಂದಳು ನೀಲಕ್ಕ. “ಹನ್ನೊಂದು ಹೋಗ್ಯಾವ. ಹನ್ನೊಂದೂ ನನ್ನ ಬಾಯಾಗ ಅವ. ಅದರ ಬಾಯಿಗಿ ಹಾಕಾಕ ನಾ ಯಾಕ ಹೇಳ್ಲಿ ಅಂತ ಸುಮ್ಮ ಕೂತಿದ್ದೆ. ಈಗ ಬರ್ಕೊ ತಮ್ಮ.”

ನನಗೆ ಬಸ್ಸಿತ್ತು. ಬಸ್ಸು ಹೋದರೆ ಹೋಗಲಿ ಎಂದು ಚಾಪೆಯ ಮೇಲೇ ಕೂತೆ. ಅಕ್ಕ ಒಂದೊಂದೇ ಹೇಳುತ್ತಿದ್ದಳು, ಮಾಸ್ತರರು ಬರೆಯುತ್ತಿದ್ದರು. ನಾಲ್ಕನೆಯದೋ ಐದನೆಯದೋ ಇರಬೇಕು.

“ಹಕ್ಕಲ,” ಎಂದಳು ನೀಲಕ್ಕ. “ರಾಶಿ ಆದ ಮ್ಯಾಲ ಹೊಲದಾಗ ತೆನಿ, ಕಾಯಿ ಬಿದ್ದಿರ್ತಾವಲ್ಲ, ಅದು. ಬರಿ, ಉಳಿದದ್ದು.”

ಮಾಸ್ತರರು ‘ಹೊಲದಲ್ಲಿ ಉಳಿದದ್ದು’ ಎಂದು ಬರೆದರು. ನನ್ನ ಬಾಯಿ ಸುಮ್ಮನಿರಲಿಲ್ಲ.

“ನಮ್ಮ ಮನ್ಯಾಗ ಹಂಗ ಅನ್ನಂಗಿಲ್ರಿ ಅಕ್ಕ.”

“ಮತ್ತೇನಂತೀರಿ?”

“ರಾಶಿ ಆಗಿ ಬಂಡಿ ಹೋದ ಮ್ಯಾಲ ನಮ್ಮವ್ವ ನಮ್ಮನ್ನ ಕರ್ಕೊಂಡು ಹೊಲಕ್ಕ ಇಳೀತಿದ್ಲು. ಉಡಿ ತುಂಬ ತೊಗರಿಕಾಯಿ ಆರಿಸ್ಕೊಂಡು ಬಂದು, ಬಾಗಿಲದಾಗ ನಿಂತು, ‘ಇವತ್ತ ಹಕ್ಕಲ ಬಕ್ಕಳ ಸಿಕ್ಕಾದ’ ಅಂತ ಕೂಗ್ತಿದ್ಲು. ಆ ಖುಷಿ ನೋಡ್ಬೇಕಿತ್ರಿ. ನಮಗ ಅದು ಉಳಿದದ್ದಲ್ರಿ, ಸಿಕ್ಕಿದ್ದು.”

ನೀಲಕ್ಕ ಅಡಿಕೆ ಕತ್ತರಿಸುವುದು ನಿಲ್ಲಿಸಿದಳು. “ಖರೆ ಅದ,” ಎಂದಳು. “ನಾ ಬದುವಿನ ಮ್ಯಾಲ ನಿಂತು ನೋಡೀನಿ, ಬಗ್ಗಿ ಆರಿಸಿಲ್ಲ. ಈ ಹುಡುಗಿ ಹೇಳಿದ್ದೂ ಬರಿ ತಮ್ಮ.”

ಅರವತ್ತರ ಹತ್ತಿರ ಬಂದ ನನ್ನನ್ನು ಹುಡುಗಿ ಮಾಡಿದಳು. ಮಾಸ್ತರರು, “ಸಿಕ್ಕಿದ್ದು,” ಎನ್ನುತ್ತ ಒತ್ತಕ್ಷರದ ಕೀಲಿ ಹುಡುಕಲು ಬಗ್ಗಿದರು, ಇನ್ನೂ ಬಗ್ಗಿದರು. ಕರಡಿಗೆ ಕೀಲಿಮಣೆಯ ಅಂಚಿಗೆ ತಾಗಿ ನಿಂತಿತು. ನಾವು ಮೂವರೂ ಉಸಿರು ಹಿಡಿದು ಪರದೆ ನೋಡಿದೆವು. ಅದು ಬೆಳಗುತ್ತಲೇ ಇತ್ತು.

“ನಿಮ್ಮವ್ವನ ಹೆಸರೇನವ್ವ?” ಎಂದು ಮಾಸ್ತರರು ತಲೆಯೆತ್ತದೆ ಕೇಳಿದರು.

“ತುಳಜಮ್ಮ.”

ನಡುಗುವ ಬೆರಳು ಒಂದೊಂದೇ ಅಕ್ಷರ ಒತ್ತಿತು. ‘೨. ಸಿಕ್ಕಿದ್ದು. ಹೇಳಿದವರು: ತುಳಜಮ್ಮ, ಘಾಟಬೋರಾಳ.’ ಅವ್ವನಿಗೆ ಓದು ಬರುತ್ತಿರಲಿಲ್ಲ. ಅವಳ ಪಾಲಿಗೂ ಇರಲಿ ಎಂದು ನಾನು ಎರಡು ಸಲ ಓದಿದೆ. ಅಳು ಬಂತು, ಅಳುತ್ತಲೇ ನಗುವೂ ಬಂತು, ಮಾಸ್ತರರಿಗೆ ಕೈ ಮುಗಿಯಲು ಹೋದೆ.

“ಏ, ಕೈ ಆಮ್ಯಾಲ ಮುಗೀವಂತಿ,” ಎಂದು ನೀಲಕ್ಕ ಒದರಿದಳು. “ತಮ್ಮಾ, ಮದಲ ಅದನ್ನ ಸೇವ್ ಮಾಡೋ!”